ಮುಂದಿನ ಸೀಟಿನ ಒಬ್ದುಲಿಯಾ

ಭಾನುವಾರ ಪೂಜೆ ಮುಗಿದದ್ದೇ ವಿಯಾಮಾರ್ಸಾ ಎಂಬ ಹಳ್ಳಿಯ ಗಂಡಸರೆಲ್ಲ ಚರ್ಚಿನಿಂದ ನೇರವಾಗಿ ಒಬ್ದುಲಿಯಾಳ ಬಾರಿಗೆ ನುಗ್ಗುತ್ತಿದ್ದರು. ಬಾರದವನು ಅವಳ ಗಂಡ ಎವೆಲಿಯೊ ಒಬ್ಬನೇ. ಬೆಳಗಿನ ತಂಪಿನಲ್ಲೇ ಸೈಕಲ್ಲು ಹತ್ತಿ, ಗೋಧಿ ಹೊಲಗಳ ನಡುವಿನ ದಾರಿ ಹಿಡಿದು ಅವನು ಮಾಯವಾಗಿರುತ್ತಿದ್ದ. ವಾರವಿಡೀ ಕಾಲುವೆ ದಂಡೆಯ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊತ್ತು, ಹುಬ್ಬು ಮೀಸೆಯೆಲ್ಲ ಬಿಳಿ ಮಾಡಿಕೊಂಡು ಬರುವ ಗಂಡಸಿಗೆ ವಾರಕ್ಕೊಂದು ದಿನವಾದರೂ ಬೇಡವೇ ಎಂದು ಊರು ಅವನ ಪರ ನಿಂತಿತ್ತು. ವಾರವಿಡೀ ಲೋಟ ತೊಳೆಯುವ, ಕಾಫಿ ಬಗ್ಗಿಸುವ, ಕುಡುಕರನ್ನು ರೆಟ್ಟೆ ಹಿಡಿದು ಬಾಗಿಲಾಚೆ ಬಿಡುವ ಹೆಂಗಸಿಗೆ ಯಾವ ದಿನ ಎಂದು ಯಾರೂ ಕೇಳಿರಲಿಲ್ಲ. ಒಬ್ದುಲಿಯಾ ತನ್ನನ್ನು ತಾನೂ ಕೇಳಿಕೊಂಡಿರಲಿಲ್ಲ.

ಸಂಜೆ ಎವೆಲಿಯೊ ಮರಳಿ ಬಂದನೆಂದರೆ ಬಾರಿನಲ್ಲಿ ಇಸ್ಪೀಟು ನಿಲ್ಲುತ್ತಿತ್ತು. ಮುಖವೆಲ್ಲ ಧೂಳು, ಕೈಯಲ್ಲಿ ಒಂದು ಲೋಟ ಕೆಂಪು ವೈನು. ಅಂದು ಹೋದ ಊರು, ಅಲ್ಲಿನ ಬಿದ್ದ ಕೋಟೆ, ಕೋಟೆಯ ಕಿಂಡಿಯಲ್ಲಿ ಗೂಡು ಕಟ್ಟಿದ ಕೊಕ್ಕರೆ, ಚರ್ಚಿನ ಕಂಬದ ತಲೆಯ ಬೋದಿಗೆಯ ಮೇಲೆ ಎಂಟುನೂರು ವರ್ಷದ ಹಿಂದೆ ಯಾವನೋ ಕೊರೆದ ಕನ್ನಡಿ ಹಿಡಿದ ಮತ್ಸ್ಯಕನ್ಯೆ, ಎಲ್ಲವನ್ನೂ ಅವನು ಕೈ ಬಾಯಿ ಆಡಿಸಿ ಹೇಳುವಾಗ ಜನ ಬಾಯಿ ತೆರೆದು ಕೂರುತ್ತಿದ್ದರು. ಒಬ್ದುಲಿಯಾ ಮಾತ್ರ ಬೆನ್ನು ತಿರುಗಿಸಿ ಲೋಟ ಒರೆಸುತ್ತಿದ್ದಳು. ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದಳೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ.

"ನಿನ್ನ ಸವತಿ ಮನೆ ಸೇರಿದಳೇನೇ?" ಎಂದು ಸೈಕಲ್ಲನ್ನು ತೋರಿಸಿ ಮುದಿ ಕುರುಬ ಸೆಕುಂದಿನೊ ಕೆಣಕುತ್ತಿದ್ದ.

"ಸೇರಿದಳು. ನನಗಿಂತ ಅವಳಿಗೇ ಎಣ್ಣೆ ನೀರು ಜಾಸ್ತಿ," ಎನ್ನುತ್ತಿದ್ದಳು ಅವಳು.

ಎವೆಲಿಯೊನ ಕಣ್ಣು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ದಾರಿಯ ಎರಡೂ ಅಂಚು ಮಸುಕಾದವು. ವಯಸ್ಸಾಯಿತು ಎಂದುಕೊಂಡು ಅವನು ಯಾರಿಗೂ ಹೇಳಲಿಲ್ಲ. ಒಂದು ದಿನ ಎದುರಿಗೆ ಬಂದ ಟ್ರ್ಯಾಕ್ಟರನ್ನೇ ಕಾಣದೆ ಹೊಲಕ್ಕೆ ಉರುಳಿ ಬಿದ್ದು, ಮುರಿದ ಹೆಗಲೆಲುಬು ಹಿಡಿದುಕೊಂಡು ಪಲೆನ್ಸಿಯಾ ಪಟ್ಟಣದ ಆಸ್ಪತ್ರೆಗೆ ಹೋದಾಗ ಹೆಗಲು ನೋಡಿದ ವೈದ್ಯರು ಕಣ್ಣನ್ನೂ ನೋಡಿದರು. ಕಣ್ಣೊಳಗಿನ ಒತ್ತಡ ಏರಿ ನರ ಸುಟ್ಟುಹೋಗಿತ್ತು. ಉಳಿದಿದ್ದ ಚೂರು ಬೆಳಕೂ ಮುಂದಿನ ಚಳಿಗಾಲದ ಹೊತ್ತಿಗೆ ಆರಿತು.

ಆಮೇಲೆ ಅವನು ಬಾರಿನ ಮೂಲೆಯ ಕುರ್ಚಿಯಲ್ಲಿ ಕೂತ. ಕೂತವನು ಮಾತು ಬಿಟ್ಟ. ಗೆಳೆಯರು ಬಂದು ಕೈಗೆ ಲೋಟ ಕೊಟ್ಟರೆ ಹಿಡಿದುಕೊಳ್ಳುವನು, ಕುಡಿಯುವುದನ್ನು ಮರೆಯುವನು. ಜನಕ್ಕೆ ಮೊದಮೊದಲು ಮರುಕ, ಆಮೇಲೆ ಮುಜುಗರ, ಆಮೇಲೆ ಅಭ್ಯಾಸ. ಹೀಗೆ ಕೆಲವು ಚಳಿಗಾಲ ಕಳೆದವು. ಒಬ್ದುಲಿಯಾ ಅವನಿಗೆ ಅಂಗಿ ತೊಡಿಸಿದಳು, ಮೀನಿನ ಮುಳ್ಳು ಬಿಡಿಸಿ ತಟ್ಟೆಗೆ ಹಾಕಿದಳು, ಕೈಹಿಡಿದು ಚರ್ಚಿಗೆ ಕರೆದೊಯ್ದು ಕರೆತಂದಳು. ಅವನು "ಹೂಂ" ಎನ್ನುತ್ತಿದ್ದ. ನಲವತ್ತು ವರ್ಷ ಅವನ ಬಾಯಿಬಡುಕತನಕ್ಕೆ ಬೈದವಳಿಗೆ ಈಗ ಆ "ಹೂಂ" ಎದೆಗೆ ಚುಚ್ಚುತ್ತಿತ್ತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವನು ಕುರ್ಚಿಯಲ್ಲಿರಲಿಲ್ಲ. ಗಾಬರಿಯಿಂದ ಹುಡುಕಿದರೆ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ, ಮಣ್ಣಿನ ನೆಲದ ಮೇಲೆ ಕೂತಿದ್ದ. ಹಳೇ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚೈನಿನ ಒಂದೊಂದು ಕೊಂಡಿಯನ್ನೂ ಬೆರಳಲ್ಲಿ ತಡವಿ, ಬಟ್ಟೆ ಚೂರಿನಿಂದ ಒರೆಸುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು. ಅವನು ಪೆಡಲನ್ನು ಒಮ್ಮೆ ತಿರುಗಿಸಿ, ಗಾಲಿ ಸುತ್ತುವ ಸದ್ದಿಗೆ ಕಿವಿಗೊಟ್ಟು, ಅದು ನಿಂತ ಮೇಲೆ ಇನ್ನೊಮ್ಮೆ ತಿರುಗಿಸಿದ. ಅವಳು ಸದ್ದಾಗದಂತೆ ಹಿಂದಕ್ಕೆ ಬಂದಳು.

ಮಾರನೆಯ ವಾರ ಬಸ್ಸು ಹತ್ತಿ ಪಲೆನ್ಸಿಯಾಕ್ಕೆ ಹೋಗಿ ಸೈಕಲ್ ಅಂಗಡಿ ರುಫೀನೊನ ಮುಂದೆ ನಿಂತಳು. ಎವೆಲಿಯೊನ ಚಕ್ರಗಳನ್ನೆಲ್ಲ ರಿಪೇರಿ ಮಾಡಿದವನು ಅವನೇ.

"ಇಬ್ಬರು ತುಳಿಯೋ ಸೈಕಲ್ಲು ಇದೆಯೇನಪ್ಪ?"

"ಜೋಡಿ ಸೈಕಲ್ಲಾ? ಹಳೇದೊಂದಿದೆ. ಯಾರಿಗೆ?"

"ನಂಗೆ, ಎವೆಲಿಯೊಗೆ."

ರುಫೀನೊ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. "ಒಬ್ದುಲಿಯಾ, ಮುಂದೆ ಕೂರೋರು ಯಾರು?"

"ಕಣ್ಣಿರೋಳು."

"ನಿನಗೆ ಸೈಕಲ್ಲು ಬರುತ್ತೇನು?"

"ಬರಲ್ಲ. ಅದಕ್ಕೇ ಬಂದಿದೀನಿ. ಬರೋಳಾಗಿದ್ರೆ ಇಷ್ಟು ವರ್ಷ ಕಾಯ್ತಿದ್ನಾ?"

ಆಗ ಅವಳಿಗೆ ಅರವತ್ತೊಂದು. ಅಗಲ ಸೊಂಟ, ಗಿಡ್ಡ ಕಾಲು, ದಿನವಿಡೀ ನಿಂತು ಉಬ್ಬಿದ ನರಗಳು. ರುಫೀನೊ ಸೀಟು ತಗ್ಗಿಸಿದ, ಬ್ರೇಕು ಬದಲಿಸಿದ, ತನ್ನ ವ್ಯಾನಿನಲ್ಲೇ ಅದನ್ನು ತಂದು ಊರ ಹೊರಗಿನ ಹಳೇ ಕಣದ ಪಕ್ಕದ ಪಾರಿವಾಳದ ಗೂಡುಮನೆಯಲ್ಲಿ ಅಡಗಿಸಿಟ್ಟು ಹೋದ. ಮಣ್ಣಿನ ದುಂಡು ಗೋಡೆಯ ಆ ಗೂಡುಮನೆ ಒಬ್ದುಲಿಯಾಳ ಅಪ್ಪನ ಕಾಲದ್ದು. ಪಾರಿವಾಳಗಳು ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು.

ಊಟವಾದ ಮೇಲೆ ಊರೇ ಮಲಗುವ ಹೊತ್ತು. ಆ ಹೊತ್ತಿನಲ್ಲಿ ನಾಯಿಗಳೂ ಬೀದಿಗೆ ಬರುತ್ತಿರಲಿಲ್ಲ. ಒಬ್ದುಲಿಯಾ ಬಾರಿನ ಬಾಗಿಲೆಳೆದು, ಕಣಕ್ಕೆ ಹೋಗಿ, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಕಲಿಯತೊಡಗಿದಳು. ಮೊದಲು ಬೀಳುವುದನ್ನು ಕಲಿತಳು. ಎಡಕ್ಕೆ ಬಿದ್ದಳು, ಬಲಕ್ಕೆ ಬಿದ್ದಳು, ನಿಂತಲ್ಲೇ ಬಿದ್ದಳು. ಮೊಣಕೈ ತರಚಿದ್ದನ್ನು ಕೇಳಿದವರಿಗೆ ಒಲೆ ತಗುಲಿತು ಎಂದಳು. ಹೇಗೋ ಒಬ್ಬಳೇ ಸಾಗುವಷ್ಟಾದ ಮೇಲೆ ಹಿಂದಿನ ಸೀಟಿಗೆ ಬಾರ್ಲಿ ಮೂಟೆಯೊಂದನ್ನು ಹಗ್ಗದಿಂದ ಬಿಗಿದಳು. ಎವೆಲಿಯೊ ಮೂಟೆಗಿಂತ ಭಾರವೆಂದು ಆಮೇಲೆ ಇನ್ನೊಂದನ್ನು ಅದರ ಮೇಲೇರಿಸಿದಳು.

ಬೇಲಿಯಾಚೆ ಕುರಿ ಹುಡುಕುತ್ತ ಬಂದ ಸೆಕುಂದಿನೊ ಇದನ್ನು ಕಂಡ. ಸಂಜೆ ಅವನು ಬಾರಿನ ನಡುವೆ ನಿಂತು, "ಕೇಳಿದ್ರೇನ್ರಪ್ಪಾ, ನಮ್ಮ ಒಬ್ದುಲಿಯಾ ಹೊಸ ಗಂಡನ್ನ ಹಿಡಿದಿದಾಳೆ. ಮೈಯೆಲ್ಲ ಬಾರ್ಲಿ. ಸೈಕಲ್ಲಲ್ಲಿ ಕೂರಿಸ್ಕೊಂಡು ಮೆರವಣಿಗೆ ಮಾಡ್ತಾಳೆ," ಎಂದ.

ಜನ ನಕ್ಕರು. ಒಬ್ದುಲಿಯಾ ಕೆಂಪಾದಳು. ಮೂಲೆಯ ಕುರ್ಚಿಯಿಂದ ಎವೆಲಿಯೊ ತಲೆಯೆತ್ತಿದ.

"ಯಾವ ಸೈಕಲ್ಲು?" ಎಂದ. ಎಷ್ಟೋ ಕಾಲದ ಮೇಲೆ ಅವನಾಗಿಯೇ ಆಡಿದ ಮಾತು ಅದು.

"ಇಬ್ಬರದು," ಎಂದಳು ಒಬ್ದುಲಿಯಾ, ಲೋಟ ಕೆಳಗಿಡದೆ. "ಮೂಟೆ ಕೂತಿರೋ ಜಾಗ ನಿಂದು. ಅದು ಮೊದಲಿನ ನಿನ್ನ ಹಾಗೆ ಎದುರು ಮಾತಾಡಲ್ಲ. ಆದರೆ ತುಳಿಯೋದೂ ಇಲ್ಲ."

ಅವನು ಒಪ್ಪಲಿಲ್ಲ. ಹೆಂಡತಿಯ ಬೆನ್ನ ಹಿಂದೆ ಕೂತು ಊರೊಳಗೆ ಹೋಗುವುದಕ್ಕಿಂತ ಸಾಯುವುದು ಲೇಸು ಎಂದ. ಕೂಗಾಡಿದ. ಆ ಕೂಗಾಟ ಕೇಳಿ ಒಬ್ದುಲಿಯಾಳಿಗೆ ಒಳಗೊಳಗೇ ಜೀವ ಬಂದಂತಾಯಿತು. ಮರುದಿನ ಮಧ್ಯಾಹ್ನ ಅವನೇ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ.

ಮೊದಲ ಸವಾರಿ ಕಣದಿಂದ ಕಾಲುವೆ ದಂಡೆಗೆ. ನಲವತ್ತು ವರ್ಷ ಹ್ಯಾಂಡಲ್ಲು ಹಿಡಿದ ಕೈ ಅವನದು. ಹಿಂದೆ ಕೂತೂ ತಿರುವಿಗೆ ತಾನೇ ವಾಲುತ್ತಿದ್ದ, ಅದೂ ಅವಳಿಗಿಂತ ಮೊದಲೇ.

"ವಾಲಬೇಡ ಅಂದೆ."

"ಗೇರು ಇಳಿಸು, ಚೈನು ಒದ್ದಾಡೋದು ಕೇಳಿಸ್ತಿಲ್ವಾ?"

"ನಂಗೆ ಕಣ್ಣಿದೆ, ಕಿವಿ ನೀನಿಟ್ಕೋ. ವಾಲಬೇಡ."

"ಎತ್ತು ಕಟ್ಟಿ ಉಳೋ ಹಾಗೆ ಓಡಿಸ್ತಿದೀಯಲ್ಲೇ, ಗೇರು ಇಳಿಸು ಅಂದ್ರೆ..."

ಅವಳು ಗೇರು ಇಳಿಸಲೆಂದು ಕೆಳಗೆ ನೋಡಿದಳು, ಅವನು ವಾಲಿದ, ಇಬ್ಬರೂ ಸೈಕಲ್ಲಿನ ಸಮೇತ ಹೊಲಕ್ಕೆ ನೀರು ಬಿಡುವ ತೋಡಿನೊಳಗೆ ಬಿದ್ದರು. ಸೊಂಟದವರೆಗೆ ನೀರು, ತಲೆಯ ಮೇಲೆ ಪಾಚಿ. ಒಬ್ದುಲಿಯಾ ಅವನಿಗೇನಾಯಿತೋ ಎಂದು ತಡಕಾಡಿದಳು. ಎವೆಲಿಯೊ ನೀರಲ್ಲೇ ಕೂತು, ಭುಜ ಕುಲುಕಿಸುತ್ತಿದ್ದ. ಅಳುತ್ತಿದ್ದಾನೆಂದುಕೊಂಡಳು. ಅವನು ನಗುತ್ತಿದ್ದ. ಉಸಿರು ಸಿಕ್ಕಿಕೊಳ್ಳುವ ಹಾಗೆ ನಗುತ್ತಿದ್ದ. "ಮೂಟೆ ಆಗಿದ್ರೆ ಮುಳುಗೋಗ್ತಿತ್ತು ಕಣೇ," ಎಂದ. ಅವಳೂ ನೀರಲ್ಲೇ ಕೂತು, ನಕ್ಕಳು. ಕೆಸರು ಮೆತ್ತಿದ ಇಬ್ಬರೂ ಸೈಕಲ್ಲು ತಳ್ಳಿಕೊಂಡು ಊರೊಳಗೆ ಬಂದಾಗ ಸೆಕುಂದಿನೊ ಗೇಲಿ ಮಾಡದೆ ಸೈಕಲ್ಲು ತಳ್ಳಲು ಕೈಹಚ್ಚಿದ.

ಜೂನಿನಲ್ಲಿ, ಗೋಧಿ ಹಣ್ಣಾಗುವ ಮೊದಲು, ಒಬ್ದುಲಿಯಾ ಬಾರಿಗೆ ಬೀಗ ಹಾಕಿದಳು. ಅದು ಮುಚ್ಚಿದ್ದನ್ನು ಊರು ಹಿಂದೆ ಕಂಡಿದ್ದು ಸಾವಿನ ದಿನಗಳಲ್ಲಿ ಮಾತ್ರ. ಚೀಲದಲ್ಲಿ ಬ್ರೆಡ್ಡು, ಕುರಿ ಹಾಲಿನ ಚೀಸು, ಒಣಗಿಸಿದ ಸಾಸೇಜು, ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ. "ಎಲ್ಲಿಗೆ?" ಎಂದು ಕೇಳಿದವರಿಗೆ, "ಇವನು ಹೋಗಿದ್ದ ಊರುಗಳಿಗೆ. ನಾನು ನೋಡಿಲ್ಲ, ಇವನಿಗೆ ಇನ್ನು ಕಾಣಲ್ಲ, ಇಬ್ಬರದೂ ಒಂದೇ ಲೆಕ್ಕ," ಎಂದು ಹೊರಟಳು.

ಕಾಲುವೆಯ ಪಕ್ಕದ ದಾರಿ ಸಮತಟ್ಟು. ಹಿಂದೆ ಹೇಸರಗತ್ತೆಗಳು ದೋಣಿ ಎಳೆಯುತ್ತಿದ್ದ ದಾರಿ ಅದು, ಎರಡೂ ಕಡೆ ಎತ್ತರದ ಮರಗಳ ನೆರಳು. ಕಷ್ಟ ಶುರುವಾದದ್ದು ಕಾಲುವೆ ಬಿಟ್ಟು ಬಯಲಿಗೆ ತಿರುಗಿದ ಮೇಲೆ. ಅಲ್ಲಿ ಮರವಿಲ್ಲ, ಗಾಳಿಯನ್ನು ತಡೆಯುವ ಒಂದು ಗೋಡೆಯೂ ಇಲ್ಲ. ಅದಕ್ಕಿಂತ ದೊಡ್ಡ ಕಷ್ಟ ಒಬ್ದುಲಿಯಾಳ ನಾಲಿಗೆಗೆ ಬಂತು.

"ಏನು ಕಾಣ್ತಿದೆ?" ಎನ್ನುತ್ತಿದ್ದ ಎವೆಲಿಯೊ ಹಿಂದಿನಿಂದ.

"ಊರು."

"ಎಂಥ ಊರು?"

"ಊರಿನ ಥರದ ಊರು. ಮನೆ ಇದೆ. ಚರ್ಚಿದೆ."

"ಲೇ, ನಾನು ನಲವತ್ತು ವರ್ಷ ನಿನಗೆ ಹಾಗೆ ಹೇಳಿದ್ನಾ?"

"ನೀನು ನನಗೆಲ್ಲಿ ಹೇಳ್ತಿದ್ದೆ, ಸೆಕುಂದಿನೊಗೆ ಹೇಳ್ತಿದ್ದೆ," ಎಂದಳು. ಆದರೆ ಆ ಮಾತು ತನಗೇ ನಾಟಿ, ಬ್ರೇಕು ಹಿಡಿದು, ಕಾಲು ನೆಲಕ್ಕೂರಿ ನಿಜವಾಗಿ ನೋಡಿದಳು. ಬಾರಿನಲ್ಲಿ ಕಳೆದ ಜೀವನದಲ್ಲಿ ಅವಳು ದೂರ ನೋಡಿದ್ದೇ ಕಡಿಮೆ. ಅವಳ ಕಣ್ಣು ಪಳಗಿದ್ದು ಲೋಟದ ಕಲೆಗೆ, ಗಿರಾಕಿಯ ಮುಖಕ್ಕೆ. ಹಾಗಾಗಿ ಅವಳು ಬಲ್ಲದ್ದರಿಂದಲೇ ಶುರುಮಾಡಿದಳು. "ದಿಬ್ಬದ ಮೇಲೆ ಊರು. ಒಲೆ ಮೇಲೆ ಬಿಟ್ಟು ಮರೆತ ಆಮ್ಲೆಟ್ಟಿನ ಹಾಗೆ ಒಂದು ಕಡೆ ಕಂದು, ಒಂದು ಕಡೆ ಹಳದಿ. ಚರ್ಚಿನ ಗೋಪುರ ಸ್ವಲ್ಪ ಪಕ್ಕಕ್ಕೆ ವಾಲಿದೆ, ಎರಡು ಲೋಟ ಹಾಕಿ ಮನೆಗೆ ಹೊರಟವನ ಹಾಗೆ. ಕೆಳಗೆ ಒಬ್ಬಳು ನೀಲಿ ಬಾಗಿಲಿಗೆ ನೀಲಿ ಬಣ್ಣವನ್ನೇ ಮತ್ತೆ ಬಳೀತಿದಾಳೆ. ಬಾಗಿಲಿಗಿಂತ ಅವಳ ಮೈಮೇಲೇ ಬಣ್ಣ ಜಾಸ್ತಿ ಇದೆ."

ಹಿಂದಿನಿಂದ ಎವೆಲಿಯೊ, "ಇನ್ನೊಂದು ಸಲ ಹೇಳು, ಆ ಗೋಪುರದ್ದು," ಎಂದ.

ಮುಂದಿನ ಊರುಗಳಲ್ಲಿ ಅವಳಿಗೆ ಕೇಳುವ ಮುನ್ನವೇ ಮಾತು ಬರತೊಡಗಿತು. ಕೆಲವೊಮ್ಮೆ ಏರಿನಲ್ಲಿ ಉಸಿರು ಸಾಲದೆ ನಿಲ್ಲಿಸಿದರೆ ಅವನೇ, "ಮಾತಾಡು, ತುಳಿಯೋದು ನಾನು ನೋಡ್ಕೋತೀನಿ," ಎಂದು ಇಬ್ಬರ ಪಾಲನ್ನೂ ತುಳಿಯುತ್ತಿದ್ದ.

ಹೀಗೆ ಪೊಬ್ಲಾಸೆಕಾಕ್ಕೆ ಬಂದರು. ಮತ್ಸ್ಯಕನ್ಯೆಯ ಊರು ಅದೇ. ಬಾರಿನಲ್ಲಿ ಎವೆಲಿಯೊ ಅತಿ ಹೆಚ್ಚು ಸಲ ಹೇಳಿದ ಕತೆ ಅಲ್ಲಿನ ಚರ್ಚಿನದು. ಊರು ಹತ್ತಿರವಾದಂತೆ ಅವನು ಮಾತ್ರ ಯಾಕೋ ನೆಪ ಹುಡುಕತೊಡಗಿದ. "ಇಲ್ಲಿ ನಿಲ್ಲೋದು ಬೇಡ, ಗಾಳಿ ಬದಲಾಗ್ತಿದೆ," ಎಂದ. "ಚರ್ಚಿಗೆ ಬೀಗ ಇರುತ್ತೆ," ಎಂದ. ಒಬ್ದುಲಿಯಾ ಕಿವಿಗೆ ಹಾಕಿಕೊಳ್ಳದೆ, ಕೀ ಯಾರ ಬಳಿ ಇದೆಯೆಂದು ವಿಚಾರಿಸಿದಳು. ಅಂಥ ಊರುಗಳಲ್ಲಿ ಚರ್ಚಿನ ಕೀ ಯಾರಾದರೊಬ್ಬ ಹೆಂಗಸಿನ ಏಪ್ರನ್ನಿನ ಜೇಬಿನಲ್ಲಿರುತ್ತದೆ. ಇಲ್ಲಿ ಡೊನಾತಾಳ ಜೇಬಿನಲ್ಲಿತ್ತು. ಒಣಕಲು ಮೈ, ಕಪ್ಪು ಉಡುಪು, ಕೈಯಲ್ಲಿ ಅರ್ಧ ಸುಲಿದ ಬಟಾಣಿ. ಗೇಣುದ್ದದ ಕಬ್ಬಿಣದ ಕೀಯನ್ನು ಎರಡೂ ಕೈಯಲ್ಲಿ ತಿರುಗಿಸಿ ಬಾಗಿಲು ತೆರೆದಳು.

ಎವೆಲಿಯೊ ಹೊರಗಿನ ಕಲ್ಲಿನ ಮೇಲೆ ಕೂತ. ಒಬ್ದುಲಿಯಾ ಒಳಗೆ ಹೋಗಿ ಒಂದೊಂದೇ ಕಂಬ ನೋಡಿದಳು. ಕತ್ತು ನೋಯುವವರೆಗೆ ನೋಡಿದಳು. ಹೊರಗೆ ಬಂದಳು.

"ಮತ್ಸ್ಯಕನ್ಯೆ ಇಲ್ಲ," ಎಂದಳು.

"ಸರಿಯಾಗಿ ನೋಡಿದ್ಯಾ?" ಎಂದ ಎವೆಲಿಯೊ ಮೆತ್ತಗೆ.

ಡೊನಾತಾ ಅವನ ಮುಖವನ್ನು ದಿಟ್ಟಿಸಿದಳು. "ಇರು ಇರು. ನೀನು ಆ ಭಾನುವಾರದ ಸೈಕಲ್ಲಿನವನಲ್ವಾ? ತಾಯಿ, ಈ ಮನುಷ್ಯ ಒಂದು ದಿನಾನೂ ಒಳಗೆ ಕಾಲಿಟ್ಟವನಲ್ಲ. ಬರ್ತಿದ್ದ, ಬಾಗಿಲು ಅಲುಗಾಡಿಸಿ ನೋಡ್ತಿದ್ದ, ಕೀ ಕೇಳೋಕೆ ನಾಚಿಕೆ, ನೆಟ್ಟಗೆ ಹೋಟೆಲಿಗೆ ಹೋಗಿ ಕೂರ್ತಿದ್ದ. ನಾನು ಕಿಟಕೀಲಿ ನೋಡ್ತಾನೇ ಇದ್ದೆ."

ಒಬ್ದುಲಿಯಾಳಿಗೆ ಕೋಪ ಬರಬೇಕಿತ್ತು. ನಲವತ್ತು ವರ್ಷ ಬೆನ್ನು ತಿರುಗಿಸಿ ಕೇಳಿದ ಆ ಮತ್ಸ್ಯಕನ್ಯೆಯ ಮೇಲೆ ಅವಳು ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದಳೆಂಬುದು ಅವಳಿಗೊಬ್ಬಳಿಗೇ ಗೊತ್ತು. ಆದರೆ ಕಿವಿಯವರೆಗೂ ಕೆಂಪಾಗಿ, ಶಾಲೆಯಲ್ಲಿ ಸಿಕ್ಕಿಬಿದ್ದವನ ಹಾಗೆ ಕೋಲಿನಿಂದ ನೆಲ ಗೀರುತ್ತಿದ್ದ ಗಂಡನನ್ನು ಕಂಡು ಅವಳಿಗೆ ಏನೋ ಹಗುರವೆನಿಸಿತು. ಅವನ ಕೈಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದಳು. ಕಂಬದ ಬುಡಕ್ಕೆ ಅವನ ಅಂಗೈ ಒತ್ತಿದಳು.

"ಇದರ ತಲೆ ಮೇಲೆ ಮತ್ಸ್ಯಕನ್ಯೆ ಇಲ್ಲ. ಒಬ್ಬ ಗಂಡಸಿದಾನೆ. ಹಲ್ಲು ನೋವು. ದವಡೆ ಹಿಡಿದು ಕೂತಿದಾನೆ, ಮುಖ ಥೇಟು ಸೆಕುಂದಿನೊ ಇಸ್ಪೀಟಲ್ಲಿ ಸೋತಾಗಿನ ಹಾಗೆ. ಪಕ್ಕದಲ್ಲಿ ಹೆಂಡತಿ ನಾದೋ ಹಿಟ್ಟು ಬಿಟ್ಟು ಅವನ ಕಡೆ ನೋಡ್ತಿದಾಳೆ. ಅಯ್ಯೋ ಪಾಪ ಅಂತಲ್ಲ, ಸಾಕು ಮಾಡು ಅನ್ನೋ ಹಾಗೆ. ಅವಳ ಮೊಣಕೈವರೆಗೂ ಹಿಟ್ಟು. ಕಲ್ಲಲ್ಲಿ ಹಿಟ್ಟು ಹೇಗೆ ಕೊರೆದನೋ ಮಾರಾಯ, ಆದರೆ ಅದು ಹಿಟ್ಟೇ."

ಡೊನಾತಾ ಬಟಾಣಿ ಹಿಡಿದುಕೊಂಡೇ ಹತ್ತಿರ ಬಂದು ಮೇಲೆ ನೋಡಿದಳು. "ನಲವತ್ತು ವರ್ಷದಿಂದ ಗುಡಿಸ್ತಿದೀನಿ," ಎಂದಳು, "ಅದು ಹಿಟ್ಟು ಅಂತ ನಂಗೆ ಹೊಳೆದಿರಲಿಲ್ಲ." ಅಂದು ಅವರನ್ನು ಮುಂದಕ್ಕೆ ಹೋಗಗೊಡದೆ, ಬೆಳ್ಳುಳ್ಳಿ ಸೂಪು ಮಾಡಿ ಬಡಿಸಿ ತನ್ನ ಮನೆಯಲ್ಲೇ ಮಲಗಿಸಿದಳು.

ಊರಿಗೆ ಮರಳಿದ ಭಾನುವಾರ ಬಾರು ತುಂಬಿತು. ಎಂದಿನಂತೆ ಎವೆಲಿಯೊನ ಕಡೆ ಎಲ್ಲರೂ ತಿರುಗಿದರೆ ಅವನು, "ನನ್ನನ್ನ ಯಾಕೆ ನೋಡ್ತೀರ? ಕಣ್ಣಿದ್ದೋಳು ಅವಳು," ಎಂದು ಲೋಟ ಎತ್ತಿದ. ಒಬ್ದುಲಿಯಾ ಬಾರಿನ ಕೌಂಟರಿನ ಮೇಲೆ ಮೊಣಕೈಯೂರಿ ಹೇಳತೊಡಗಿದಳು. ಸೆಕುಂದಿನೊ ಎದ್ದುಹೋಗಿ ತಾನೇ ಲೋಟ ತೊಳೆದ.

ಆ ಬೇಸಿಗೆಯಾದ ಮೇಲೆ ಪ್ರತಿ ಬೇಸಿಗೆಯೂ ಅವರು ಹೊರಟರು. ಸುದ್ದಿ ವಯ್ಯಾದೊಲಿದ್ ನಗರದವರೆಗೂ ಹೋಗಿ, ಅಲ್ಲಿನ ಕುರುಡರು ಕೆಲವರು ಊರು ಹುಡುಕಿಕೊಂಡು ಬಂದರು. ರುಫೀನೊ ಇನ್ನಷ್ಟು ಜೋಡಿ ಸೈಕಲ್ಲು ಹೊಂದಿಸಿದ. ಮುಂದೆ ಕೂರಲು ಬಂದವರಿಗೆ ಒಬ್ದುಲಿಯಾ ಅದೇ ಕಣದಲ್ಲಿ ಪಾಠ ಹೇಳಿದಳು. ಅವಳ ಪಾಠದಲ್ಲಿ ಗೇರಿನ ಮಾತು ಕಡಿಮೆ. "ಹಿಂದೆ ಕೂತಿರೋರು ಮೂಟೆ ಅಲ್ಲ," ಎನ್ನುತ್ತಿದ್ದಳು, "ಚೆಂದ ಇದೆ ಅಂತ ಹೇಳಬೇಡಿ. ಚೆಂದ ಅಂದ್ರೆ ಅವರಿಗೇನು ಕಾಣುತ್ತೆ? ಏನಿದೆ ಅದನ್ನ ಹೇಳಿ." ಗೋಧಿ ಹೊಲಗಳ ನಡುವೆ ಆ ಉದ್ದನೆಯ ಸೈಕಲ್ಲುಗಳ ಸಾಲು ಮಾತಾಡುತ್ತ ಮಾತಾಡುತ್ತ ಸಾಗುವುದನ್ನು ಕಂಡ ರೈತರು ಟ್ರ್ಯಾಕ್ಟರು ನಿಲ್ಲಿಸಿ ಟೋಪಿ ತೆಗೆಯುತ್ತಿದ್ದರು.

ಎವೆಲಿಯೊ ಒಂದು ಫೆಬ್ರವರಿಯಲ್ಲಿ, ಎದೆಯ ಕಾಯಿಲೆಯಿಂದ, ತನ್ನ ಹಾಸಿಗೆಯಲ್ಲೇ ತೀರಿಕೊಂಡ. ಕೊನೆಯ ದಿನಗಳಲ್ಲೂ ಹೆಂಡತಿಯನ್ನು ಕಿಟಕಿಯ ಬಳಿ ಕೂರಿಸಿ, ಬೀದಿಯಲ್ಲಿ ಹೋಗುವವರನ್ನು ಹೇಳಿಸಿಕೊಂಡು ನಗುತ್ತಿದ್ದ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಒಬ್ದುಲಿಯಾ ಬಹಳ ದಿನ ಗೂಡುಮನೆಯ ಕಡೆ ಹೋಗಲಿಲ್ಲ. ಹಿಂದಿನ ಸೀಟು ಖಾಲಿಯಿರುವ ಸೈಕಲ್ಲನ್ನು ನೋಡಲು ಅವಳಿಂದಾಗಲಿಲ್ಲ. ಇನ್ನು ಅವಳು ಹತ್ತುವುದಿಲ್ಲ ಎಂದೇ ಊರು ಅಂದುಕೊಂಡಿತು.

ಮೇ ತಿಂಗಳಲ್ಲಿ ಡೊನಾತಾ ಬಸ್ಸಿಳಿದು ಬಂದಳು, ಸಂತಾಪ ಹೇಳಲು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಅತ್ತು, ಕಾಫಿ ಕುಡಿದರು. ಹೊರಡುವ ಮುನ್ನ ಡೊನಾತಾ ಕೈಯನ್ನು ಏಪ್ರನ್ನಿನಲ್ಲಿ ಸುತ್ತುತ್ತ, "ಒಂದು ಕೇಳಲಾ? ನಮ್ಮೂರ ದಿಬ್ಬದ ಮೇಲಿಂದ ಮೊಂತಾಲ್ಬಾದ ಚರ್ಚಿನ ಗೋಪುರ ದಿನಾ ಕಾಣುತ್ತೆ. ಅದರೊಳಗೆ ಏನಿದೆ?" ಎಂದಳು.

"ನೀನು ಹೋಗಿಲ್ವಾ?"

"ಹೇಗೆ ಹೋಗಲಿ? ಆ ಕಡೆ ಬಸ್ಸಿಲ್ಲ. ಕೀ ಬೇರೆ ನನ್ನ ಹತ್ರ. ಯಾರಾದ್ರೂ ಬಂದ್ರೆ?"

ಒಬ್ದುಲಿಯಾ ಲೋಟ ಕೆಳಗಿಟ್ಟಳು. "ನಿಂಗೆ ಕಣ್ಣು ಚೆನ್ನಾಗಿ ಕಾಣುತ್ತಲ್ಲ, ಹಿಂದೆ ಕೂತ್ರೆ ವಾಲಲ್ವಲ್ಲ?"

"ಅಯ್ಯೋ ಸುಮ್ನಿರು, ನಂಗೆ ಅರವತ್ತೊಂಬತ್ತು."

"ನಾನು ನಿನಗಿಂತ ದೊಡ್ಡೋಳು. ಏಳು."

ರುಫೀನೊ ವ್ಯಾನಿನಲ್ಲಿ ಸೈಕಲ್ಲನ್ನು ಪೊಬ್ಲಾಸೆಕಾಕ್ಕೆ ಒಯ್ದುಕೊಟ್ಟ. ಡೊನಾತಾ ಕೀಯನ್ನು ಯಾರ ಬಳಿಯೂ ಬಿಡಲೊಪ್ಪದೆ ಬೆನ್ನಿಗೆ ಕಟ್ಟಿಕೊಂಡು ಹತ್ತಿದಳು. ಅಂದು ಮಧ್ಯಾಹ್ನವೇ ಕಾರಿನಲ್ಲಿ ಬಂದ ಪ್ರವಾಸಿಗರು ಬೀಗ ಕಂಡು ಮೇಯರಿಗೆ ದೂರು ಕೊಟ್ಟರು. ಮೇಯರು ದಿಬ್ಬಕ್ಕೆ ಹತ್ತಿ ನೋಡಿದರೆ, ಕೆಳಗೆ ಹಸಿರು ಬಾರ್ಲಿಯ ನಡುವೆ ಇಬ್ಬರು ಮುದುಕಿಯರು ಎದುರುಗಾಳಿಗೆ ತಲೆ ತಗ್ಗಿಸಿ ತುಳಿಯುತ್ತಿದ್ದರು, ಹಿಂದಿನವಳ ಬೆನ್ನ ಮೇಲೆ ಪೊಬ್ಲಾಸೆಕಾದ ಚರ್ಚಿನ ಕೀ ಬಿಸಿಲಿಗೆ ಹೊಳೆಯುತ್ತಿತ್ತು.

ಮೊಂತಾಲ್ಬಾದಲ್ಲಿ ಕೀ ಇಟ್ಟುಕೊಂಡಿದ್ದ ಹೆಂಗಸು ಬಾಗಿಲು ತೆರೆಯುವ ಮೊದಲು ಡೊನಾತಾಳ ಕೀಯನ್ನು ತನ್ನದರ ಪಕ್ಕಕ್ಕೆ ಹಿಡಿದು ನೋಡಿದಳು. ತನ್ನದೇ ಹೆಚ್ಚು ಉದ್ದ ಎಂದಳು. ತನ್ನದೇ ಭಾರ ಎಂದಳು ಡೊನಾತಾ. ಒಳಗೆ ಹೋದ ಡೊನಾತಾ ಎಷ್ಟು ಹೊತ್ತಾದರೂ ಹೊರಬರಲಿಲ್ಲ. ಒಬ್ದುಲಿಯಾ ನೆರಳಲ್ಲಿ ಕೂತು, ಊದಿದ ಕಾಲನ್ನು ಕಲ್ಲಿನ ತಂಪಿಗೆ ಚಾಚಿದಳು. ಒಳಗಿನಿಂದ ಡೊನಾತಾಳ ದನಿ ಕೇಳುತ್ತಿತ್ತು. ಯಾರೂ ಕೇಳದಿದ್ದರೂ ಅವಳು ಒಂದೊಂದು ಕಂಬದ ಮುಂದೆಯೂ ನಿಂತು, ಅಲ್ಲಿ ಏನಿದೆಯೆಂದು ಗಟ್ಟಿಯಾಗಿ ಹೇಳುತ್ತಿದ್ದಳು.